ಮುರಿ ಎಂದರೆ ಕೋಣೆ

ನಮ್ಮ ಅಡುಗೆಮನೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗಾಳಿ ಬೀಸಬೇಕೆಂದೇನೂ ಇಲ್ಲ. ಬಿಸಿ ಸಾರಿನ ಪಾತ್ರೆ ಹಿಡಿದು ನಾನು ಹೊರಗೆ ಹೊರಟಾಗಲೇ ಅದಕ್ಕೆ ಮುಚ್ಚಿಕೊಳ್ಳುವ ಮನಸ್ಸಾಗುತ್ತದೆ. ತಪ್ಪು ಬಾಗಿಲಿನದಲ್ಲ ಬಿಡಿ. ಅದು ಹುಟ್ಟಿನಿಂದ ಅಡುಗೆಮನೆಯ ಬಾಗಿಲೇ ಅಲ್ಲ. ಮಾನಂದವಾಡಿಯ ಯಾವುದೋ ಹಳೆಯ ಕಚೇರಿಯಲ್ಲಿ ದೊಡ್ಡ ಸಾಹೇಬರ ಕೋಣೆಗೆ ಇದ್ದ ಬಾಗಿಲು ಅದು. ಬಂದವರ ಮುಖದ ಮೇಲೆ ಮುಚ್ಚಿಕೊಂಡು ಅದಕ್ಕೆ ರೂಢಿ.

ಅದನ್ನು ತಡೆದು ನಿಲ್ಲಿಸಲು ಬುಡಕ್ಕೆ ಒಂದು ಮರದ ತುಂಡು ಇಟ್ಟಿದ್ದೇನೆ. ಹಲಸಿನ ಮರದ್ದು, ಅಂಗೈಯಗಲ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಮೊನ್ನೆ ಕಸ ಗುಡಿಸುವಾಗ ಅದಕ್ಕೆ ಕಾಲ ಹೆಬ್ಬೆರಳು ಎಡವಿ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ನಗುವೂ ಬಂತು. ಈ ತುಂಡು ಎಲ್ಲಿಯದು ಎಂಬ ಬಗ್ಗೆ ನಮ್ಮ ಮನೆಯಲ್ಲಿ ನಡೆದಷ್ಟು ವಾದ ಯಾವ ಕೋರ್ಟಿನಲ್ಲೂ ನಡೆದಿರಲಾರದು. ಅದನ್ನು ಹೇಳಬೇಕೆಂದರೆ ಮನೆಯಿಂದಲೇ ಶುರುಮಾಡಬೇಕು.

ನಮ್ಮ ಮನೆ ಇರುವುದು ಮರಕ್ಕಡವಿನಲ್ಲಿ, ಕಬಿನಿ ಹೊಳೆಗೆ ಹತ್ತಿರ. ಹೊಳೆಯ ಆಚೆ ಬೈರಕುಪ್ಪೆ, ಅಂದರೆ ಕರ್ನಾಟಕ. ಈಚೆ ನಾವು, ಅಂದರೆ ಕೇರಳ. ಮನೆಯಲ್ಲಿ ಒಂದು ಕಿಟಕಿಯ ಹಾಗೆ ಇನ್ನೊಂದಿಲ್ಲ. ಮುಂಬಾಗಿಲು ಪಾದ್ರಿಗಳ ಬಂಗಲೆಯದು. ಅದು ಎಷ್ಟು ಎತ್ತರವೆಂದರೆ ನಮ್ಮ ಹೆಂಚಿನ ಮಾಡನ್ನು ಅದರ ಅಳತೆಗೆ ಎತ್ತಬೇಕಾಯಿತು. ಅಡುಗೆಮನೆಯಿಂದ ಜಗಲಿಗೆ ತೆರೆಯುವ ಕಿಟಕಿ ಒಂದು ಹಳೇ ಟಾಕೀಸಿನ ಟಿಕೆಟ್ ಕಿಟಕಿ. ನಡುವೆ ಕೈ ತೂರುವಷ್ಟು ಅರ್ಧಚಂದ್ರದ ತೂತು, ಮೇಲೆ ಮಲಯಾಳದಲ್ಲಿ 'ಸೆಕೆಂಡ್ ಕ್ಲಾಸ್' ಎಂಬ ಬರಹ. ಜಗಲಿಯಲ್ಲಿ ಕೂತ ಅಪ್ಪನಿಗೆ ನಾನು ಟೀ ಕೊಡುವುದು ಆ ತೂತಿನಲ್ಲೇ. ಹಿತ್ತಲಲ್ಲಿ ನಮ್ಮ ಹಸು ನೀರು ಕುಡಿಯುವುದು ಯಾವನೋ ಇಂಗ್ಲಿಷ್ ದೊರೆ ಮೈತೊಳೆದುಕೊಳ್ಳುತ್ತಿದ್ದ ಸ್ನಾನದ ತೊಟ್ಟಿಯಲ್ಲಿ. ಟೀ ಎಸ್ಟೇಟಿನ ಬಂಗಲೆ ಕೆಡವಿದಾಗ ಬಂದದ್ದು. ಕಾಲುಗಳಿಗೆ ಸಿಂಹದ ಪಂಜವಿದೆ. ನಮ್ಮ ಹಸು ಮೊದಮೊದಲು ಅದನ್ನು ಕಂಡು ಹೆದರಿ, ಆಮೇಲೆ ಜಂಬ ಕಲಿತು, ಈಗ ಬಕೆಟ್ಟಿನಲ್ಲಿ ಕೊಟ್ಟರೆ ಮುಖ ತಿರುಗಿಸುತ್ತದೆ.

ಇದೆಲ್ಲ ಅಪ್ಪನ ಕಸುಬಿನ ಪ್ರಸಾದ. ಅಪ್ಪನ ಹೆಸರು ಮಾದಯ್ಯ. ಹರೆಯದಲ್ಲಿ ಶುಂಠಿ ಕೀಳುವ ಕೂಲಿಗೆಂದು ಹೊಳೆ ದಾಟಿ ಬಂದವನಿಗೆ ಒಬ್ಬರು ಹಳೇ ಮನೆ ಕೆಡವಲು ಹೇಳಿದರಂತೆ. ಕೆಡವಿದ, ಇಲ್ಲೇ ನಿಂತ. ಮಲಯಾಳದಲ್ಲಿ ಮನೆ ಕೆಡವುವುದಕ್ಕೆ 'ಪೊಳಿಕ್ಕುವುದು' ಎನ್ನುತ್ತಾರೆ. ಹಾಗಾಗಿ ಅಪ್ಪ ಊರಿಗೆಲ್ಲ ಪೊಳಿ ಮಾದಯ್ಯ. ಈಚೆ ದಡದಲ್ಲಿ ಅದರಿಂದ ಏನೂ ತೊಂದರೆಯಾಗಲಿಲ್ಲ. ನನ್ನ ಮದುವೆ ಮಾತು ಹೊಳೆ ದಾಟಿ ಕೋಟೆ ತಾಲೂಕಿನ ಕಡೆಗೆ ಹೋದಾಗ ಮಾತ್ರ, ಹುಡುಗಿಯ ಅಪ್ಪ ಪೊಳಿ ಎಂದದ್ದು ಅಲ್ಲಿಯವರ ಕಿವಿಗೆ ಪೋಲಿ ಎಂದು ಬಿತ್ತು. "ಅಪ್ಪನೇ ಪೋಲಿ ಅಂದ್ಮೇಲೆ ಮಗಳು ಎಂಗಿದ್ದಾಳು!" ಎಂದು ನನ್ನ ಅತ್ತೆ ಹೇಳಿದ್ದು ಇವತ್ತಿಗೂ ನಮ್ಮ ಮನೆಯ ನಗೆಮಾತು. ಆಮೇಲೆ ಅವರೇ ಬಂದು ಸಿಂಹಪಂಜದ ತೊಟ್ಟಿ ನೋಡಿ, ಇಷ್ಟು ದೊಡ್ಡ ಕಬ್ಬಿಣ ಇಟ್ಟುಕೊಂಡವರು ಪೋಲಿಗಳಿರಲಾರರು ಎಂದು ಒಪ್ಪಿಕೊಂಡರು. ಈಗಿನ ಕಾಲೇಜು ಹುಡುಗರಿಗೆ ಚೆನ್ನಾಗಿ ಕಂಡದ್ದೆಲ್ಲ 'ಪೊಳಿ'. ಒಮ್ಮೆ ಪುಲ್ಪಳ್ಳಿ ಪೇಟೆಯಲ್ಲಿ ಹುಡುಗರು ಯಾರದೋ ಹೊಸ ಬೈಕ್ ನೋಡಿ "ಪೊಳೀ!" ಎಂದು ಕೂಗಿದರೆ, ಅಪ್ಪ ಟೀ ಅಂಗಡಿಯಿಂದ ಎದ್ದು ಬಂದು "ಏನಪ್ಪಾ, ಯಾವ್ ಮನೆ?" ಎಂದು ಕೇಳಿದ್ದ.

ಎರಡು ಭಾಷೆಯ ನಡುವೆ ಬೆಳೆದವರ ಪಾಡೇ ಹೀಗೆ. ನಾನೇನು ಕಡಿಮೆಯೇ? ಚಿಕ್ಕವಳಿದ್ದಾಗ ನನ್ನ ಕೆಲಸ ಮೊಳೆ ನೇರ ಮಾಡುವುದು. ಕೆಡವಿದ ಮನೆಗಳ ಸೊಟ್ಟ ಮೊಳೆಗಳನ್ನು ಅಪ್ಪ ಡಬ್ಬಿಯಲ್ಲಿ ತರುತ್ತಿದ್ದ. ಬಾವಿಕಟ್ಟೆಯ ಕಲ್ಲಿನ ಮೇಲೆ ಒಂದೊಂದನ್ನೇ ಇಟ್ಟು, ಉರುಳಿಸಿ ಉರುಳಿಸಿ ಬೆನ್ನಿಗೆ ಬಡಿಯುವುದು. ನೇರವಾದ ಮೊಳೆ ಕಲ್ಲಿನ ಮೇಲೆ ಬಿದ್ದಾಗ ಟಿಣ್ ಎನ್ನುತ್ತದೆ, ಸೊಟ್ಟಗಿದ್ದದ್ದು ಟಕ್ ಎನ್ನುತ್ತದೆ. ಉಗುರು ಕಪ್ಪಾಗದ ವಾರವಿರಲಿಲ್ಲ. ಶಾಲೆಗೆ ಸೇರಿದ ಮೇಲೆ ಟೀಚರು "ಮೋಳೇ, ಇಙ್ಙೋಟ್ ವಾ" ಎಂದು ಕರೆದರು. ಮಲಯಾಳದಲ್ಲಿ ಅದು 'ಮಗಳೇ, ಇಲ್ಲಿ ಬಾ' ಎಂಬ ಅಕ್ಕರೆಯ ಮಾತು. ನನಗೋ, ಈ ಊರಲ್ಲಿ ಎಲ್ಲರಿಗೂ ನನ್ನ ಮೊಳೆ ವಿಷಯ ಗೊತ್ತಾಗಿದೆಯಲ್ಲ ಎಂದು ಅಳು ಬಂತು. ಮಾರನೆಯ ದಿನ ಲಂಗದ ಜೇಬಿನಲ್ಲಿ ಒಂದು ಹಿಡಿ ಮೊಳೆ ಒಯ್ದು, ಎಲ್ಲವೂ ನೇರವಾಗಿವೆ ಎಂದು ಟೀಚರ ಮೇಜಿನ ಮೇಲಿಟ್ಟೆ. ಅವರು ಏನು ತಿಳಿದುಕೊಂಡರೋ, ಶಾಲೆಯ ಬೆಂಚು ರಿಪೇರಿಗೆ ಉಪಯೋಗಿಸಿದರು.

ಎಲ್ಲಿದ್ದೆ? ಕಸುಬಿನ ವಿಷಯ. ಅಪ್ಪನಿಗೆ ಒಡೆಯುವುದು ಬೇರೆ, ಬಿಚ್ಚುವುದು ಬೇರೆ. "ಒಡ್ಯಕ್ಕೆ ಜೆಸಿಬಿ ಅದೆ. ಬಿಚ್ಚಕ್ಕೆ ನಾವಿರೋದು" ಎನ್ನುತ್ತಾನೆ. ಕಟ್ಟಿದವನು ಕೊನೆಗೆ ಏನು ಮಾಡಿದನೋ ಅದನ್ನು ಮೊದಲು ತೆಗೆಯಬೇಕು. ತೆಗೆಯುವ ಮೊದಲು ಪ್ರತಿ ತುಂಡಿನ ಮೇಲೂ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಬೇಕು. ಇಲ್ಲದಿದ್ದರೆ ಒಂದು ಕಿಟಕಿಯ ರೆಕ್ಕೆ ಇನ್ನೊಂದರ ಚೌಕಟ್ಟಿಗೆ ಸೇರಿ, ಕೊಂಡವರು ಮನೆಗೇ ಬಂದು ಬೈಯುತ್ತಾರೆ. ಆದರೆ ಗುರುತನ್ನು ಬರೆಯುವುದು ಯಾವ ಅಕ್ಷರದಲ್ಲಿ? ಅಪ್ಪನಿಗೆ ಕನ್ನಡವೂ ಬಾರದು, ಮಲಯಾಳವೂ ಬಾರದು. ಜೊತೆಯ ಬೊಮ್ಮಣ್ಣ ಕಾಡಂಚಿನ ಹಾಡಿಯ ಕಾಟ್ಟುನಾಯ್ಕರವನು. ಅವನ ಮನೆಮಾತು ನಮ್ಮ ಕನ್ನಡದ ದಾಯಾದಿ, ಅದಕ್ಕೆ ಅಕ್ಷರವೇ ಇಲ್ಲ. ಹಾಗಾಗಿ ಚಿತ್ರ. ಒಂದೊಂದು ಕೋಣೆಗೆ ಒಂದೊಂದು ಚಿತ್ರ. ನಮ್ಮ ಮನೆಯ ಬಾಗಿಲು ಕಿಟಕಿಗಳ ಮೂಲೆಗಳಲ್ಲಿ ಈಗಲೂ ಮೀನು, ಚಂದ್ರ, ಬಾಚಣಿಗೆ ಕಾಣುತ್ತವೆ. ಬೊಮ್ಮಣ್ಣ ಬಿಡಿಸಿದ ಹುಂಜ ಪಾದ್ರಿಗಳ ಬಾಗಿಲ ಮೇಲೆ ಇನ್ನೂ ಕೂಗಲು ತಯಾರಾಗಿ ನಿಂತಿದೆ.

ಕೆಲಸಗಳಾದರೂ ಎಂಥೆಂಥವು! ಪೊನ್ಕುಳಿಯ ಹತ್ತಿರ ಒಬ್ಬರು ಪ್ರವಾಸಿಗಳಿಗೆಂದು ದೊಡ್ಡ ಮರದ ಮೇಲೆ ಒಂದು ಗುಡಿಸಲು ಕಟ್ಟಿಸಿದ್ದರು. ಅದನ್ನು ಬಿಚ್ಚಬೇಕಿತ್ತು. ಅಪ್ಪ, ಬೊಮ್ಮಣ್ಣ, ಇನ್ನಿಬ್ಬರು ಮೇಲೆ ಹತ್ತಿ ಚಾವಣಿ ತೆಗೆದಿದ್ದಾರೆ, ಮಟಮಟ ಮಧ್ಯಾಹ್ನ, ಕೆಳಗೆ ಆನೆ ಬಂತು. ಬಂದದ್ದು ಮರದ ಮೆಟ್ಟಿಲಿಗೆ ಬೆನ್ನು ಕೊಟ್ಟು ಉಜ್ಜಿಕೊಂಡಿತು. ತುರಿಕೆ ತೀರಲಿಲ್ಲವೇನೋ, ಇನ್ನಷ್ಟು ಒತ್ತಿತು. ಮೆಟ್ಟಿಲು ಲಟಲಟ ಮುರಿದು ಬಿತ್ತು. ಆನೆ ಅದನ್ನೊಮ್ಮೆ ಕಾಲಿನಿಂದ ಸರಿಸಿ ನೋಡಿ ತನ್ನ ಪಾಡಿಗೆ ಹೊರಟುಹೋಯಿತು. ಮೇಲಿನಿಂದ ಅಪ್ಪ, "ಅಷ್ಟು ಕೆಲ್ಸ ಉಳೀತು ಬುಡ್ರಲಾ!" ಎಂದನಂತೆ. ಇಳಿಯುವುದು ಹೇಗೆಂಬ ಯೋಚನೆ ಬಂದದ್ದು ಆಮೇಲೆ. ಬೊಮ್ಮಣ್ಣ ಜೇನಿಗೆ ಇಳಿಯುವವರ ಹಾಗೆ ಹಗ್ಗ ಹಿಡಿದು ಜಾರಿದ. ಅಪ್ಪನನ್ನು ಮಾತ್ರ ಪ್ರವಾಸಿಗಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಹಗ್ಗ ಕಟ್ಟಿ, ಮದುಮಗನ ಹಾಗೆ ಇಳಿಸಿದರು. ಸೀದಾ ಪೊನ್ಕುಳಿ ದೇವಸ್ಥಾನಕ್ಕೆ ಹೋಗಿ ತೆಂಗಿನಕಾಯಿ ಒಡೆದರು. ಕಸುಬಿಗೆ ಬಂದ ಮೇಲೆ ಅಪ್ಪ ನಿಜವಾಗಿ ಒಡೆದದ್ದು ಅದೊಂದನ್ನೇ ಇರಬೇಕು.

ಸರಿ, ಮರದ ತುಂಡಿಗೆ ಬರುತ್ತೇನೆ.

ಪುಲ್ಪಳ್ಳಿಯ ಹತ್ತಿರ ಏಲಿಯಮ್ಮ ಚೇಡತ್ತಿಯ ಮನೆ. ಚೇಡತ್ತಿ ಎಂದರೆ ನಮ್ಮ ಕಡೆ ಕ್ರಿಸ್ತಿಯಾನರ ಹಿರಿಯ ಹೆಂಗಸರನ್ನು ಕರೆಯುವ ಮಾತು. ಹಳೇ ಮನೆಯ ಜಗಲಿಯ ತುದಿಗೆ ಅಂಟಿಕೊಂಡು ಅವರದೊಂದು ಹಲಗೆಯ ಕೋಣೆ ಇತ್ತು. ಗೋಡೆ ಹಲಗೆ, ನೆಲ ಹಲಗೆ, ಮೇಲೆ ಹೆಂಚು. ಚೇಡತ್ತಿಯೂ ಅವರ ಗಂಡನೂ ತೆಂಕಣದಿಂದ ಈ ಬೆಟ್ಟಕ್ಕೆ ಬಂದ ಹೊಸದರಲ್ಲಿ, ಮನೆಗಿಂತ ಮೊದಲು ಅವರ ಗಂಡ ಕಟ್ಟಿದ್ದು ಆ ಕೋಣೆಯನ್ನೇ. ಹೆಂಡತಿಯ ಹೊಲಿಗೆ ಮೆಷಿನ್ನು ಮಳೆಯಲ್ಲಿ ನೆನೆಯಬಾರದೆಂದು. ಆ ಕೋಣೆಯಲ್ಲಿ ಊರಿನ ಅರ್ಧ ಹೆಣ್ಣುಮಕ್ಕಳು ಹೊಲಿಗೆ ಕಲಿತಿದ್ದೇವೆ. ನಾನೂ ಅಲ್ಲಿಯವಳೇ. ನನ್ನ ಮೊದಲನೆಯ ರವಿಕೆಗೆ ಎರಡು ಎಡತೋಳು ಹೊಲಿದಾಗ ಚೇಡತ್ತಿ ಬೈಯಲಿಲ್ಲ. ತಾವೇ ಅದನ್ನು ಎತ್ತಿ ಹಿಡಿದು, "ಮೋಳೇ, ಇದು ಹಾಕುವ ಜನ ಇನ್ನೂ ಹುಟ್ಟಬೇಕು" ಎಂದರು. ಕನ್ನಡದ ಹುಡುಗಿಯರ ಜೊತೆ ಇದ್ದು ಇದ್ದು ಅವರಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಅವರ ಕಾಲಲ್ಲಿ ತುಳಿಯುವ ಮೆಷಿನ್ನನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ನಮಗೆಲ್ಲ ಬೇರೆ ಮೆಷಿನ್ನು.

ಅವರ ಮಗ ಬೇಬಿಚ್ಚನ್ ಹಿಂದುಗಡೆ ಹೊಸ ಮನೆ ಕಟ್ಟಿಸಿದರು. ಹೆಸರು ಬೇಬಿ ಆದರೂ ಮೀಸೆ ನರೆತ ಆಳು. ಮುಂದಿನ ಹಳೇ ಮನೆ ತೆಗೆಯಲು ಅಪ್ಪನಿಗೆ ಹೇಳಿದರು. ಚೇಡತ್ತಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹಲಗೆಯ ಕೋಣೆ ಹಾಗೇ ನಿಲ್ಲಬೇಕು. ಹೊಸ ಮನೆಯಲ್ಲಿ ಎಷ್ಟು ಕೋಣೆ ಇದ್ದರೂ ಅವರು ಹೊಲಿಯುವುದು ಅಲ್ಲೇ. ಆ ಕೋಣೆ ಹೋದರೆ ತಾನೂ ಮೆಷಿನ್ನು ಮುಟ್ಟುವುದಿಲ್ಲ ಎಂದಿದ್ದರಂತೆ.

ಕೆಲಸ ಶುರುವಾಗುವ ದಿನವೇ ಅವರಿಗೆ ಮಾನಂದವಾಡಿ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸುವುದಿತ್ತು. ಕೆಲಸದವರಲ್ಲಿ ಷರತ್ತು ಗೊತ್ತಿದ್ದದ್ದು ಅಪ್ಪನೊಬ್ಬನಿಗೆ, ಅವನು ಹೆಂಚಿನ ಗಿರಾಕಿಯೊಬ್ಬನನ್ನು ನೋಡಲು ಹೋಗಿದ್ದ. ಬೊಮ್ಮಣ್ಣ ಆಗಲೇ ಮಾಡಿನ ಮೇಲೆ. ಅಂಗಳದಲ್ಲಿ ನಿಂತಿದ್ದವರು ನಮ್ಮ ಯಜಮಾನರು, ಸಿದ್ದರಾಜು. ಮದುವೆಯಾಗಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಕೋಟೆ ಕಡೆಯಿಂದ ಬಂದು ಮಾವನ ಕಸುಬಿಗೆ ಸೇರಿಕೊಂಡಿದ್ದರು. ಎಲ್ಲರಿಗಿಂತ ಮೊದಲು ಹಾರೆ ಎತ್ತಿ ಮಾವನಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ. ಮಲಯಾಳ ಕಲಿಯುವ ಉತ್ಸಾಹವೂ ಇತ್ತು. 'ವೇಣಂ' ಎಂದರೆ ಬೇಕು, 'ಮರಕ್ಕರುದ್' ಎಂದರೆ ಮರೆಯಬಾರದು ಎಂದು ನಾನೇ ಹಿಂದಿನ ವಾರ ಹೇಳಿಕೊಟ್ಟಿದ್ದೆ. ಚೇಡತ್ತಿ ಕಾರು ಹತ್ತುವ ಮೊದಲು ಹಲಗೆಯ ಕೋಣೆಯ ಬಾಗಿಲ ಮೇಲೆ ಕೈಯಿಟ್ಟು, ಇವರನ್ನು ನೋಡಿ ಹೇಳಿದರು.

"ಮೋನೇ, ಈ ಮುರಿ ವೇಣಂ, ಕೇಟ್ಟೋ. ಮರಕ್ಕರುದ್."

ಇವರು ತಲೆಯಾಡಿಸಿದರು. ಚೇಡತ್ತಿ ಕಾರಿನಿಂದ ತಲೆ ಹೊರಹಾಕಿ ಇನ್ನೊಮ್ಮೆ ಹೇಳಿದರು. "ಈ ಮುರಿ!"

ಇವರು ಅದಕ್ಕೂ ತಲೆಯಾಡಿಸಿದರು.

ಸಂಜೆ ಮನೆಗೆ ಬಂದಾಗ ಇವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಕೈಯಲ್ಲೊಂದು ಡಬ್ಬಿ. ಅದರ ತುಂಬ ಗುಂಡಿಗಳು: ರವಿಕೆಯವು, ಅಂಗಿಯವು, ಮಕ್ಕಳ ಫ್ರಾಕಿನವು, ಹೂವಿನಾಕಾರದವು.

"ತಗೊ, ನಿಂಗೇ" ಎಂದರು.

"ಎಲ್ಲಿ ಸಿಕ್ತು?"

"ಚೇಡತ್ತಿ ಹೊಲಿಯೋ ರೂಮಿತ್ತಲ್ಲ, ಅದರ ನೆಲದ ಹಲಗೆ ಕೆಳಗೆ. ಸಂದೀಲಿ ಬಿದ್ದು ಬಿದ್ದು ಸೇರ್ಕೊಂಡಿದ್ವು."

"ಆ ಹಲಗೆ ಯಾಕ್ರೀ ಎತ್ತಿದ್ರಿ?"

"ಯಾಕೆ ಅಂದ್ರೆ? ಮೊದ್ಲು ಅದನ್ನೇ ಬಿಚ್ಚಿದ್ದು. ಪೂರ್ತಿ ಆಯ್ತು. ಒಂದು ಹಲಗೆನೂ ಸೀಳಿಲ್ಲ, ಗೊತ್ತಾ? ಪಾಪ, ಎರಡೆರಡು ಸಲ ಹೇಳಿ ಹೋಗಿದ್ರು."

"ಏನು ಹೇಳಿದ್ರು? ಅವರ ಬಾಯಲ್ಲಿ ಬಂದಂಗೇ ಹೇಳಿ."

"ಈ ಮುರಿ ವೇಣಂ. ಇದ ಮುರೀಬೇಕು, ಮರೀಬೇಡ ಅಂತ."

ನನ್ನ ಕೈಯಿಂದ ಡಬ್ಬಿ ಬಿತ್ತು. ಗುಂಡಿಗಳು ಅಡುಗೆಮನೆಯ ತುಂಬ ಓಡಾಡಿದವು. "ಅಯ್ಯೋ ನನ್ ದೊರೆ! ಮುರಿ ಅಂದ್ರೆ ಕೋಣೆ ಕಣ್ರೀ! ಈ ಕೋಣೆ ಬೇಕು ಅಂದಿದ್ದಾರೆ ಅವರು!"

ಟಿಕೆಟ್ ಕಿಟಕಿಯ ತೂತಿನಲ್ಲಿ ಅಪ್ಪನ ಅರ್ಧ ಮುಖ ಕಾಣಿಸಿತು. "ಏನಂದೆ ಕೂಸೆ?" ಎಂದ. ನಾನು ಹೇಳಿದೆ. ಆ ಅರ್ಧ ಮುಖ ಹಾಗೇ ಕೆಳಗೆ ಇಳಿದುಹೋಯಿತು. ಜಗಲಿಯ ಮೇಲೆ ಅಪ್ಪ ಕುಸಿದು ಕೂತ ಸದ್ದು ಕೇಳಿತು.

ನಮ್ಮವರ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತು ನನಗೆ ಚೇಡತ್ತಿಯ ಯೋಚನೆಯಾಗಿತ್ತು. ಈಗ ಇವರನ್ನು ಕಂಡು ನಿಜವಾಗಿ ಸಂಕಟವಾಯಿತು. ಬೇರೆ ಊರಿಂದ ಬಂದು ಒಂದೊಂದೇ ಮಾತು ಹೆಕ್ಕಿಕೊಳ್ಳುತ್ತಿದ್ದ ಮನುಷ್ಯ. ನಾನು ವೇಣಂ ಹೇಳಿಕೊಟ್ಟೆ, ಮರಕ್ಕರುದ್ ಹೇಳಿಕೊಟ್ಟೆ. ನಡುವಿನ ಒಂದು ಮಾತು ನಮ್ಮದೇ ಇರಬಹುದೆಂದು ಅವರು ನಂಬಿದರೆ ಅವರದೇನು ತಪ್ಪು?

ಮಾರನೆಯ ಬೆಳಿಗ್ಗೆ ಎಲ್ಲರೂ ಹೋದೆವು. ತಾಯಿಯನ್ನು ಮಾನಂದವಾಡಿಯ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದ ಬೇಬಿಚ್ಚನ್ ಅಂಗಳಕ್ಕೆ ಕಾಲಿಟ್ಟು, ಕೋಣೆ ಇದ್ದ ಜಾಗದಲ್ಲಿ ಆಕಾಶ ಕಂಡು, ಹೆಂಚಿನ ರಾಶಿಯ ಮೇಲೆ ಕೂತುಬಿಟ್ಟರು. "ಅಮ್ಮಚ್ಚಿ ಎನ್ನೆ ಕೊಲ್ಲುಂ" ಎಂದರು. ಅದನ್ನು ಯಾರಿಗೂ ಅನುವಾದ ಮಾಡಬೇಕಾಗಲಿಲ್ಲ. ಆಮೇಲೆ ಚೇತರಿಸಿಕೊಂಡು, ಹೊಸದಾಗಿ ಸಿಮೆಂಟಿನಲ್ಲಿ ಒಂದು ಕೋಣೆ ಎಬ್ಬಿಸಿ ಬಣ್ಣ ಹೊಡೆದರೆ ಹೇಗೆ ಎಂದರು.

ಅಪ್ಪ ತಲೆಯಲ್ಲಾಡಿಸಿದ. "ಆ ಕೋಣೆ ಬೇಕು ಅಂದವ್ರೆ. ಆ ಕೋಣೇನೇ ಕೊಡನ. ಯಾವಾಗ ಬತ್ತಾರೆ?"

"ಞಾಯರಾಳ್ಚ, ಪಳ್ಳಿ ಕಳಿಞ್ಞಿಟ್ಟ್" ಎಂದರು ಬೇಬಿಚ್ಚನ್. ಭಾನುವಾರ, ಚರ್ಚು ಮುಗಿಸಿಕೊಂಡು.

"ಕಟ್ಟಕ್ಕೆ ಬತ್ತದಾ ನಮ್ಗೆ?" ಎಂದು ಕೇಳಿದವನು ಬೊಮ್ಮಣ್ಣ. ಎಲ್ಲರ ಮನಸ್ಸಿನ ಪ್ರಶ್ನೆ ಅದೇ. ಈ ತಂಡ ಜನ್ಮದಲ್ಲಿ ಒಂದು ಕೋಳಿಗೂಡನ್ನೂ ಕಟ್ಟಿದ್ದಲ್ಲ. ಬೊಮ್ಮಣ್ಣನ ಮನೆಯ ಕೋಳಿಗೂಡು ಕೂಡ ಯಾರದೋ ಮನೆಯಿಂದ ಹಾಗೇ ಎತ್ತಿ ತಂದದ್ದು.

"ಬಿಚ್ಚಿದ್ದನ್ನ ಹಿಂದ್ ಮುಂದಾಗಿ ಮಾಡಿದ್ರೆ ಕಟ್ಟಿದಂಗೇ ಕಣೋ" ಎಂದ ಅಪ್ಪ. ಧೈರ್ಯವಾಗಿಯೇ ಹೇಳಿದ. ಹೇಳಿ ಆದ ಮೇಲೆ ಒಂದು ಬೀಡಿ ಹಚ್ಚಲು ಹೋಗಿ ತಪ್ಪು ತುದಿಗೆ ಬೆಂಕಿ ಇಟ್ಟುಕೊಂಡ.

ನಮ್ಮ ಪುಣ್ಯಕ್ಕೆ ಗುರುತುಗಳಿದ್ದವು. ಹೊಲಿಗೆ ಕೋಣೆಯೆಂದು ಇವರು ಪ್ರತಿ ತುಂಡಿನ ಮೇಲೂ ಒಂದು ಕತ್ತರಿ ಬಿಡಿಸಿದ್ದರು. ಪಡುವಣ ಗೋಡೆಗೆ ಬಾಯಿ ತೆರೆದ ಕತ್ತರಿ, ಮೂಡಣಕ್ಕೆ ಮುಚ್ಚಿದ್ದು, ನೆಲಕ್ಕೆ ಮಲಗಿದ್ದು. ಆ ವಾರ ಆ ಅಂಗಳದಲ್ಲಿ ನಡೆದ ಗದ್ದಲಕ್ಕೆ ಏನು ಹೇಳಲಿ! ಹಾರೆ ಹಿಡಿದ ಕೈಗಳಿಗೆ ಮೊಳೆ ಹೊಡೆಯಲು ಬರುತ್ತಿರಲಿಲ್ಲ. ಹೊಡೆದ ಕೂಡಲೇ ಅಭ್ಯಾಸಬಲದಿಂದ ಬೊಮ್ಮಣ್ಣ ಅದನ್ನು ಕಿತ್ತುಬಿಡುತ್ತಿದ್ದ. ಮಾವ ಅಳಿಯ ಇಬ್ಬರೂ ಕಂಬದ ಕಲ್ಲುಗಳ ಮೇಲೆ ನೀರಿನ ಪೈಪು ಹಿಡಿದು ಮಟ್ಟ ನೋಡಿದ್ದೇ ನೋಡಿದ್ದು. ನನ್ನನ್ನು ಮತ್ತೆ ಮೊಳೆ ನೇರ ಮಾಡಲು ಕೂರಿಸಿದರು. ಟಿಣ್, ಟಕ್, ಟಿಣ್. "ಮೊಳೆ ಕೊಡು ಮೊಳೆ!" ಎಂದು ಅಪ್ಪ ಕೂಗಿದಾಗಲೆಲ್ಲ ಬೇಬಿಚ್ಚನ್ನರ ಮಗಳು ತನ್ನನ್ನೇ ಕರೆದರೆಂದು ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಬಂದವಳು ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಬೇಯಿಸಿದ ಮರಗೆಣಸು, ಒಮ್ಮೆ ಮೀನು ಸಾರು, ಒಮ್ಮೆ ಬರೀ ನಗು.

ಸುದ್ದಿ ತಿಳಿದು, ಆ ಕೋಣೆಯಲ್ಲಿ ಹೊಲಿಗೆ ಕಲಿತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ನೆಲದ ಹಲಗೆ ಕೂರಿಸುವ ದಿನ ನಾನು ಗುಂಡಿಯ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಯಾರು ಮೊದಲು ಹೇಳಿದರೋ, ಅವು ಇದ್ದಲ್ಲೇ ಇರಲಿ ಎಂದು ಎಲ್ಲರಿಗೂ ಅನ್ನಿಸಿತು. ಒಬ್ಬೊಬ್ಬರು ಒಂದೊಂದು ಹಿಡಿ ತೆಗೆದು, ಇದು ನನ್ನ ಮದುವೆ ರವಿಕೆಯದು, ಇದು ನಿನ್ನ ಅಣ್ಣನ ಅಂಗಿಯದು ಎಂದು ಸುಳ್ಳೋ ನಿಜವೋ ಹೇಳುತ್ತ ಮಣ್ಣಿನ ಮೇಲೆ ಚೆಲ್ಲಿದೆವು. ಅದರ ಮೇಲೆ ಹಲಗೆ ಬಂತು. ಅಷ್ಟು ಸಂತೋಷವಾಗಿ ನಾನು ಯಾವ ಬೀಜವನ್ನೂ ಬಿತ್ತಿಲ್ಲ.

ಶನಿವಾರ ಸಂಜೆ ಕೋಣೆ ಎದ್ದು ನಿಂತಿತು. ಒಂದು ಕಿಟಕಿ ತಲೆಕೆಳಗಾಗಿ ಕೂತಿದೆ, ಚಿಲಕ ಮೇಲೆ ಹೋಗಿದೆ ಎಂದು ಹೆಂಚು ಹೊದಿಸಿದ ಮೇಲೆ ಗೊತ್ತಾಯಿತು. ಅದು ಹೋಗಲಿ ಎಂದರೆ, ಅಂಗಳ ಗುಡಿಸುವಾಗ ಒಂದು ಮರದ ತುಂಡು ಸಿಕ್ಕಿತು. ಅಂಗೈಯಗಲ, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಅದರ ಮೇಲೆ ಕತ್ತರಿಯ ಗುರುತಿರಲಿಲ್ಲ.

ಅಪ್ಪ ಅದನ್ನು ಕೈಗೆತ್ತಿಕೊಂಡ. "ಇದೆಲ್ಲೀದಲಾ?" ಎಂದ. ಇವರಿಗೆ ನೆನಪಿಲ್ಲ, ಬೊಮ್ಮಣ್ಣನಿಗೂ ಇಲ್ಲ. ಎಲ್ಲರೂ ಕೋಣೆಯ ಸುತ್ತ ಹತ್ತಾರು ಸುತ್ತು ಹಾಕಿದರು. ಎಲ್ಲೂ ಒಂದು ಸಂದಿಲ್ಲ. ಹಲಸಿನ ಮರವಂತೂ ಹೌದು, ಹಳೆಯದೂ ಹೌದು. "ಇದು ಇಲ್ದೆ ನಿಂತದೆ ಅಂದ್ರೆ, ಎಷ್ಟೊತ್ತು ನಿಂತದು?" ಎಂದು ಅಪ್ಪ ಕೋಣೆಯನ್ನು ಹೆದರಿಕೆಯಿಂದ ನೋಡಿದ.

ಭಾನುವಾರ ಚೇಡತ್ತಿ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿದರು. ನಾವೆಲ್ಲ ಸ್ನಾನ ಮಾಡಿ, ಬಾಚಿಕೊಂಡು, ಫೋಟೋ ತೆಗೆಸುವವರ ಹಾಗೆ ಸಾಲಾಗಿ ನಿಂತಿದ್ದೆವು. ಹಳೇ ಮನೆ ಅರ್ಧ ಹೋಗಿತ್ತು. ಕೋಣೆ ಇತ್ತು. ಅವರು ಒಳಗೆ ಹೋದರು. ಮೆಷಿನ್ನನ್ನು ಅದರ ಜಾಗದಲ್ಲೇ ಇಟ್ಟಿದ್ದೆವು. ಅವರು ಅದರ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟು ಒಂದು ಸಲ ಓಡಿಸಿದರು. ನಿಲ್ಲಿಸಿದರು. ಬಗ್ಗಿ ಮೆಷಿನ್ನಿನ ಕೆಳಗೆ ನೋಡಿದರು. ಆಮೇಲೆ ಹೊಸ ಕಣ್ಣನ್ನು ಗೋಡೆಗೆ ಹತ್ತಿರ ಒಯ್ದು, "ಈ ಕತ್ತರಿಯೆಲ್ಲ ಬರೆದದ್ದಾರು?" ಎಂದು ಕೇಳಿದರು.

ನಮ್ಮವರು ಸಾಲಿನಿಂದ ಮುಂದೆ ಬಂದರು. ನಾವು ಹಿಂದಿನ ದಿನವೇ ಏನೂ ಹೇಳಬಾರದೆಂದು ಮಾತಾಡಿಕೊಂಡಿದ್ದೆವು. ಆದರೂ ಇವರು, "ನಾನು ಚೇಡತ್ತೀ. ನಾನೇ ಬಿಚ್ಚಿದ್ದು. ನೀವು ಮುರಿ ವೇಣಂ ಅಂದ್ರಿ. ನಮ್ಮಲ್ಲಿ ಮುರಿ ಅಂದ್ರೆ..." ಎಂದು ಮುಂದೆ ಹೇಳಲಾರದೆ, ಎರಡು ಕೈಯಲ್ಲಿ ಕಡ್ಡಿ ಮುರಿಯುವ ಹಾಗೆ ಮಾಡಿ ತೋರಿಸಿದರು.

ಚೇಡತ್ತಿ ಗೋಡೆ ನೋಡಿದರು, ತಲೆಕೆಳಗಾದ ಕಿಟಕಿ ನೋಡಿದರು, ಇವರ ಕೈ ನೋಡಿದರು. ಅವರ ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆಂದೇ ತಿಳಿದು ನಾನು ಓಡಿದೆ. ಅವರು ಕಣ್ಣಿನ ಮೇಲೆ ಅಂಗೈ ಒತ್ತಿಕೊಂಡು, "ಮೋಳೇ, ಡಾಕ್ಟರು ಜಾಸ್ತಿ ಚಿರಿಕ್ಕಬೇಡ ಹೇಳಿದ್ದು. ಇವನನ್ನ ಹೊರಗೆ ಕೊಂಡುಹೋಗು" ಎಂದರು. ಚಿರಿ ಎಂದರೆ ನಗು. ಆ ಮಾತನ್ನು ಇವರು ಅವತ್ತೇ ಕಲಿತರು, ಸರಿಯಾಗಿ.

ಅವತ್ತಿನಿಂದ ಅಪ್ಪನಿಗೆ ಒಂದು ಕೆಲಸ ಹತ್ತಿಕೊಂಡಿತು. ಆ ತುಂಡನ್ನು ಚೀಲಕ್ಕೆ ಹಾಕಿಕೊಂಡು ಆಗಾಗ ಚೇಡತ್ತಿಯ ಮನೆಗೆ ಹೋಗುತ್ತಾನೆ. ಕೋಣೆಯ ಮೂಲೆ ಮೂಲೆಗೂ ಅದನ್ನು ಹಿಡಿದು ನೋಡುತ್ತಾನೆ. ತೊಲೆಯ ಕೆಳಗೆ, ಹೊಸ್ತಿಲ ಪಕ್ಕ, ಕಿಟಕಿಯ ಮೇಲೆ. ಚೇಡತ್ತಿ ಹೊಲಿಗೆ ನಿಲ್ಲಿಸಿ, ಟೀ ತರಿಸಿ, "ಅಲ್ಲಿ ಅಲ್ಲ ಮಾದಯ್ಯಾ, ಆ ಮೇಲೆ ಒಮ್ಮೆ ನೋಡು" ಎಂದು ಹೇಳುತ್ತ ಕೂರುತ್ತಾರೆ. ಇಬ್ಬರೂ ಆನೆ, ಮಳೆ, ಕರಿಮೆಣಸು, ಸತ್ತವರು, ಹುಟ್ಟಿದವರು ಎಲ್ಲ ಮಾತಾಡಿ ಮುಗಿಸುವ ಹೊತ್ತಿಗೆ ಸಂಜೆಯ ಬಸ್ಸು ಬರುತ್ತದೆ. ಜಾಗ ಸಿಗದ ತುಂಡು ಮತ್ತೆ ನನ್ನ ಅಡುಗೆಮನೆಯ ಬಾಗಿಲಿಗೆ ಬರುತ್ತದೆ.

ಮೊನ್ನೆ ನಾನು ಎಡವಿದೆ ಎಂದೆನಲ್ಲ, ಅದರ ಮರುದಿನವೇ ಚೇಡತ್ತಿ ಬೇಬಿಚ್ಚನ್ನರ ಕಾರಿನಲ್ಲಿ ನಮ್ಮ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಅಪ್ಪ ಮನೆಯಲ್ಲಿರಲಿಲ್ಲ. ಸಿಂಹದ ತೊಟ್ಟಿ ನೋಡಿದರು, ಟಿಕೆಟ್ ಕಿಟಕಿಯಲ್ಲಿ ಕೈ ತೂರಿಸಿ ಟೀ ತೆಗೆದುಕೊಂಡರು. ಅಡುಗೆಮನೆಗೆ ಬಂದವರು ಬಾಗಿಲ ಬುಡದಲ್ಲಿದ್ದ ತುಂಡನ್ನು ಕಂಡು, ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಒರೆಸಿದರು.

"ನನ್ನ ಮೆಷಿನ್ನಿನ ಕಾಲಿನದು" ಎಂದರು.

"ಏನು?"

"ನನ್ನ ಅವರಿಗೆ ಮಟ್ಟ ನೋಡಲಿಕ್ಕೆ ಬರುತ್ತಿರಲಿಲ್ಲ ಮೋಳೇ. ಕೋಣೆ ಕಟ್ಟಿದರು, ನೆಲ ಒಂದು ಕಡೆ ಇಳಿದಿತ್ತು. ಮೆಷಿನ್ನು ಆಡ್ತಿತ್ತು. ಅದಕ್ಕೆ ಇದನ್ನ ಕೆತ್ತಿ ಕಾಲಿಗೆ ಇಟ್ಟರು. ನಿಂಗಳು ಕಟ್ಟಿದ ನೆಲ ನೇರ ಉಂಟು. ಇದು ಬೇಡ ಆಯ್ತು."

ಅವತ್ತು ಅವರು ಮೆಷಿನ್ನಿನ ಕೆಳಗೆ ಬಗ್ಗಿ ನೋಡಿದ್ದು ಇದಕ್ಕೇ. ಆ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಹೊಲಿದ ನನಗೂ ಮೆಷಿನ್ನಿನ ಬುಡದಲ್ಲಿ ಬಿದ್ದಿರುತ್ತಿದ್ದ ಬಟ್ಟೆಚೂರುಗಳ ರಾಶಿಯೊಳಗೆ ಇದೊಂದಿತ್ತೆಂದು ಗೊತ್ತಿರಲಿಲ್ಲ. "ಗೊತ್ತಿದ್ದೂ ಅಪ್ಪನಿಗೆ ಯಾಕೆ ಹೇಳಲಿಲ್ಲ ಚೇಡತ್ತೀ? ಅವನು ಪ್ರತಿ ಸಲವೂ ತೊಲೆ ಹತ್ತಿ ಇಳಿದು..."

"ಹೇಳಿದರೆ ಮತ್ತೆ ಬರ್ತಾನಾ?"

ಅದನ್ನು ಅವರು ನಗದೇ ಹೇಳಿದರು. ಆಮೇಲೆ ಗಂಡ ಕೆತ್ತಿದ ತುಂಡನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡರು. ಚೀಲಕ್ಕೆ ಹಾಕಿಕೊಳ್ಳುತ್ತಾರೆಂದು ನಾನು ತಿಳಿದೆ. ಅವರು ಅದನ್ನು ಮತ್ತೆ ಬಾಗಿಲ ಬುಡಕ್ಕೆ ಇಟ್ಟು, ಕಾಲಿನಿಂದ ಒತ್ತಿ ಗಟ್ಟಿ ಮಾಡಿದರು. "ನೀನು ಕಂಡಿಲ್ಲ, ನಾನು ಹೇಳಿಲ್ಲ" ಎಂದರು.

ಇವತ್ತು ಬೆಳಿಗ್ಗೆ ಅಪ್ಪ ತಿಂಡಿ ತಿಂದು, ತಲೆಗೆ ಟವೆಲ್ಲು ಸುತ್ತಿ ಹೊರಟ. "ಒಸಿ ಪುಲ್ಪಳ್ಳಿಗೆ ಹೋಗಿ ಬತ್ತೀನಿ ಕೂಸೆ. ಆ ಮೂಡ್ಲ ಗ್ವಾಡೆ ಮೇಲೆ ನಂಗೊಂದು ಅನುಮಾನ ಅದೆ. ಆ ತುಂಡು ಕೊಡು" ಎಂದ. ನಾನು ಬಾಗಿಲ ಬುಡದಿಂದ ತುಂಡು ತೆಗೆದು, ಧೂಳು ಒರೆಸಿ, ಟಿಕೆಟ್ ಕಿಟಕಿಯ ತೂತಿನಲ್ಲಿ ಅವನ ಕೈಗೆ ಕೊಟ್ಟೆ. ಹಿಂದೆ ಸಾಹೇಬರ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಸಂಜೆಯ ಬಸ್ಸು ಬರುವವರೆಗೆ ಅದನ್ನು ಕಾಲಿನಲ್ಲೇ ತಡೆದುಕೊಂಡು ಅಡುಗೆ ಮಾಡಬೇಕು. ಅಪ್ಪನಿಗೆ ಓದು ಬಾರದು, ಆದ್ದರಿಂದ ಇಲ್ಲಿ ಬರೆದುಬಿಟ್ಟಿದ್ದೇನೆ. ನೀವು ಆ ಕಡೆ ಹೋದಾಗ, ಹಲಗೆಯ ಕೋಣೆಯಲ್ಲಿ ಒಬ್ಬ ಮುದುಕ ಗೋಡೆಗೆ ಮರದ ತುಂಡು ಹಿಡಿದು ನೋಡುತ್ತಿದ್ದರೆ, "ಸ್ವಲ್ಪ ಮೇಲೆ" ಎಂದಷ್ಟೇ ಹೇಳಿ.